‘ಬಟವಾಡೆ ನನ್ನದು, ಒಕ್ಕಣೆ ನನ್ನದಲ್ಲ’
ಕರ್ನಲ್ ಕಮಾಂಡ್ ಲೈನ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಲಿನಕ್ಸ್ ಕಂಪ್ಯೂಟರಿನ ಪವರ್ ಬಟನ್ ಒತ್ತಿದ ಮೇಲೆ, ಲಾಗಿನ್ ಪರದೆ ಮೂಡುವ ಮೊದಲು, ಗ್ರಬ್ ಎಂಬ ಬೂಟ್‌ಲೋಡರ್ ಕರ್ನಲ್ ಕೈಗೆ ಒಂದೇ ಒಂದು ಸಾಲು ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಯಾವ ಡ್ರೈವರ್ ಹೇಗೆ ನಡೆದುಕೊಳ್ಳಬೇಕು ಎಂಬ ಅಪ್ಪಣೆಗಳು ಇರುವುದು ಆ ಸಾಲಿನಲ್ಲೇ. ಸದಾ ಅವಸರದಲ್ಲಿರುವ ಈ ಮಹಾಶಯರನ್ನು ಗ್ರಬ್ ಮೆನುವಿನಲ್ಲಿ ‘ಇ’ ಕೀಲಿ ಒತ್ತಿ ಅಡ್ಡಗಟ್ಟಿ ಮಾತಾಡಿಸಿದೆವು.

ನಾವು: ನಮಸ್ಕಾರ. ತಮ್ಮ ಉದ್ಯೋಗ?

ಲೈನ್: ಬಟವಾಡೆ. ಡ್ರೈವರ್ ಹೆಸರು, ಒಂದು ಚುಕ್ಕಿ, ಪ್ಯಾರಾಮೀಟರ್ ಹೆಸರು, ಸಮಚಿಹ್ನೆ, ಬೆಲೆ. ವಿಳಾಸ ಬರೆಯುವ ಕ್ರಮ ಇಷ್ಟೇ. ಪೋಸ್ಟ್‌ಮನ್ ಕಾಗದ ಒಡೆದು ಓದುತ್ತಾನೆಯೇ? ನಾನೂ ಓದುವುದಿಲ್ಲ.

ನಾವು: ಡ್ರೈವರ್‌ಗಳಿಗೆ ಸ್ವಂತ ಬುದ್ಧಿ ಇಲ್ಲವೇ?

ಲೈನ್: ಬುದ್ಧಿ ಇತ್ತು, ಮಾಹಿತಿ ಇರಲಿಲ್ಲ. ಹಳೆಯ ಐಎಸ್‌ಎ ಕಾರ್ಡುಗಳು ತಾವು ಯಾರೆಂದು ಬಾಯಿ ಬಿಡುತ್ತಿರಲಿಲ್ಲ. ಸೌಂಡ್ ಬ್ಲಾಸ್ಟರ್ ಕೂತಿರುವುದು ಪೋರ್ಟ್ 220ರಲ್ಲಿ, ಐಆರ್‌ಕ್ಯೂ 5, ಡಿಎಂಎ 1 ಎಂದು ಮಾಲೀಕನೇ ಬರೆದುಕೊಡಬೇಕಿತ್ತು. ಕಾರ್ಡಿನ ಮೇಲಿನ ಜಂಪರ್ ಒಂದು ಹೇಳಿ ಮಾಲೀಕ ಬರೆದ ಫೈಲು ಇನ್ನೊಂದು ಹೇಳಿದರೆ ಆಟದಲ್ಲಿ ಗುಂಡು ಹಾರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಡಾಸ್ ಮನೆತನದಲ್ಲಿ ಈ ಡ್ರೈವರ್ ವಹಿವಾಟು ನೋಡಿಕೊಳ್ಳುತ್ತಿದ್ದವರು ಕಾನ್ಫಿಗ್ ಡಾಟ್ ಸಿಸ್, 1983ರಲ್ಲಿ ಡಾಸ್ 2.0 ಜೊತೆ ಕೆಲಸಕ್ಕೆ ಸೇರಿದ ಹಿರಿಯರು. ನಂತರ ಪಿಸಿಐ ಬಂತು. ಕಾರ್ಡುಗಳೇ ತಯಾರಕರ ಸಂಖ್ಯೆ, ಮಾಡೆಲ್ ಸಂಖ್ಯೆ ಹೇಳಿಕೊಳ್ಳತೊಡಗಿದವು.

ನಾವು: ಅಲ್ಲಿಗೆ ನಿಮ್ಮ ಕೆಲಸ ಹೋಗಬೇಕಿತ್ತಲ್ಲ?

ಲೈನ್: ಹೋಗುತ್ತಿತ್ತು, ಅಷ್ಟರಲ್ಲಿ ಯಂತ್ರಗಳು ಸುಳ್ಳು ಹೇಳುವುದನ್ನು ಕಲಿತವು. ಲ್ಯಾಪ್‌ಟಾಪಿನ ಫರ್ಮ್‌ವೇರ್ ಬೂಟ್ ಆಗುವಾಗ ‘ನೀನು ವಿಂಡೋಸಾ?’ ಎಂದು ಕೇಳುತ್ತದೆ. ನಮ್ಮ ಕರ್ನಲ್ ‘ಹೌದು ಸ್ವಾಮಿ’ ಎನ್ನುತ್ತದೆ. ‘ಲಿನಕ್ಸಾ?’ ಎಂದು ಕೇಳಿದರೆ ‘ಅಲ್ಲವೇ ಅಲ್ಲ’. ತಯಾರಕರು ಫರ್ಮ್‌ವೇರನ್ನು ವಿಂಡೋಸ್ ಮೇಲೆ ಪರೀಕ್ಷಿಸಿ ಬಿಟ್ಟಿರುತ್ತಾರೆ, ನಿಜ ಹೇಳಿದರೆ ಪರೀಕ್ಷೆಯೇ ಆಗದ ದಾರಿ ಹಿಡಿಯಬೇಕಾಗುತ್ತದೆ. ಈ ನಾಟಕ ಕೈಕೊಟ್ಟು ಪರದೆಯ ಬೆಳಕು ಹೆಚ್ಚು ಕಡಿಮೆ ಆಗದೆ ಹೋದಾಗ ‘ಎಸಿಪಿಐ ಓಎಸ್‌ಐ’ ಎಂಬ ಚೀಟಿ ಬರೆದು ನನ್ನನ್ನು ಓಡಿಸುತ್ತಾರೆ.

ನಾವು: ವಿಳಾಸದಲ್ಲಿ ಒಂದಕ್ಷರ ತಪ್ಪಿದರೆ?

ಲೈನ್: ಏನೂ ಆಗುವುದಿಲ್ಲ. ಅದೇ ತೊಂದರೆ. ಕರ್ನಲ್ ‘ಇದು ನನ್ನದಲ್ಲ’ ಎಂದು ಕಾಗದವನ್ನು ತಾನು ಮೊದಲು ಎಬ್ಬಿಸುವ ಇನಿಟ್ ಎಂಬ ಪ್ರೋಗ್ರಾಮಿನ ಕಡೆ ದಾಟಿಸುತ್ತದೆ. ಸಮಚಿಹ್ನೆ ಇದ್ದರೆ ಎನ್ವಿರಾನ್‌ಮೆಂಟ್‌ಗೆ, ಇಲ್ಲದಿದ್ದರೆ ಆರ್ಗ್ಯುಮೆಂಟ್ ಆಗಿ. ಚುಕ್ಕಿ ಇದ್ದರಂತೂ ಯಾವುದೋ ಡ್ರೈವರ್ ಮುಂದೆ ಬಂದು ತೆಗೆದುಕೊಂಡೀತು ಎಂದು ಬಿಟ್ಟುಬಿಡುತ್ತದೆ. ಹೊಸ ಕರ್ನಲ್‌ಗಳು ‘ಗುರುತಿಲ್ಲದ ಪ್ಯಾರಾಮೀಟರ್’ ಎಂದು ಲಾಗಿನಲ್ಲಿ ಒಂದು ಸಾಲು ಬರೆಯುತ್ತವೆ, ನಿಜ. ಆದರೆ ಉಬುಂಟುವಿನಲ್ಲಿ ನನ್ನ ಹೆಗಲ ಮೇಲೆ ಮೊದಲಿನಿಂದಲೂ ಇರುವ ಚೀಟಿ ಯಾವುದು ಗೊತ್ತೇ? ‘ಕ್ವೈಯೆಟ್ ಸ್ಪ್ಲಾಶ್’. ಬಾಯಿ ಮುಚ್ಚಿಕೊಂಡು ಚಿತ್ರ ತೋರಿಸು ಅಂತ. ಎಚ್ಚರಿಕೆ ಯಾರ ಕಣ್ಣಿಗೆ ಬೀಳಬೇಕು?

ನಾವು: ಒಂದೇ ಚೀಟಿಯನ್ನು ಇಬ್ಬರು ಓದಿದ ಪ್ರಸಂಗವೂ ಇದೆಯಂತೆ?

ಲೈನ್: 2014ರ ಏಪ್ರಿಲ್. ‘ಡಿಬಗ್’ ಎಂಬ ಒಂದೇ ಪದ. ಕರ್ನಲ್ ತನಗೆ ಬಂದದ್ದು ಎಂದಿತು, ಇನಿಟ್ ಕೆಲಸ ಮಾಡುವ ಸಿಸ್ಟಮ್‌ಡಿ ತನಗೂ ಬಂದದ್ದು ಎಂದಿತು. ಸಿಸ್ಟಮ್‌ಡಿ ಲಾಗಿಗೆ ಬರೆದದ್ದೂ ಬರೆದದ್ದೇ, ಕೆಲವರ ಯಂತ್ರ ಬೂಟ್ ಆಗುವುದನ್ನೇ ನಿಲ್ಲಿಸಿತು. ಕರ್ನಲ್ ಜನಕ ಲೈನಸ್ ಟೊರ್ವಾಲ್ಡ್ಸ್ ಸಿಟ್ಟಾಗಿ ಆ ಕಡೆಯ ಒಬ್ಬ ಪ್ರಮುಖ ಡೆವಲಪರ್ ಕಳಿಸುವ ಕೋಡನ್ನು ಇನ್ನು ಮುಟ್ಟುವುದಿಲ್ಲ ಎಂದರು. ನಾನು ಮಾತ್ರ ಎಂದಿನಂತೆ ಎರಡೂ ಮನೆಗೆ ಹೋಗಿಬಂದೆ.

ನಾವು: ಜನ ಬರೆಯುವ ಚೀಟಿಗಳಲ್ಲಿ ನಿಮಗೆ ನಗು ತರಿಸಿದ್ದು?

ಲೈನ್: ಸೌಂಡ್ ಡ್ರೈವರ್‌ಗೆ ಹೋಗುವ ‘ಪವರ್ ಸೇವ್’. ಸ್ಪೀಕರ್ ಆಗಾಗ ‘ಟಪ್’ ಅಂದರೆ ಅದಕ್ಕೊಂದು ಬೆಲೆ ಕೊಡುತ್ತಾರೆ. 0 ಎಂದರೆ ನಿದ್ದೆ ಬೇಡ. ಸರಿ. 1 ಎಂದರೆ ‘ಆನ್’ ಎಂದುಕೊಂಡಿದ್ದಾರೆ. ಅದು ಸೆಕೆಂಡಿನ ಲೆಕ್ಕ! ಒಂದು ಸೆಕೆಂಡು ಸದ್ದಿಲ್ಲದಿದ್ದರೆ ಮಲಗು ಎಂದರ್ಥ. ಪಾಪ, ಚಿಪ್ಪು ಹಾಡು ಹಾಡಿನ ನಡುವೆ ಮಲಗಿ ಎದ್ದು, ಮಲಗಿ ಎದ್ದು, ಪ್ರತಿ ಸಲವೂ ‘ಟಪ್’ ಎನ್ನುತ್ತದೆ. ‘ಮಾಡ್‌ಇನ್ಫೋ’ ಎಂಬ ಕಮಾಂಡ್ ಕೊಟ್ಟಿದ್ದರೆ ‘ಸೆಕೆಂಡುಗಳಲ್ಲಿ’ ಎಂದು ಡ್ರೈವರೇ ಹೇಳುತ್ತಿತ್ತು.

ನಾವು: ಅಳು ತರಿಸಿದ್ದು?

ಲೈನ್: ‘ನೋಮೋಡ್‌ಸೆಟ್’. ಗ್ರಾಫಿಕ್ಸ್ ಡ್ರೈವರ್ ಪರದೆಯ ತಂಟೆಗೆ ಹೋಗದಿರಲಿ ಎಂಬ ಚೀಟಿ. ಇನ್‌ಸ್ಟಾಲ್ ಮಾಡುವ ದಿನ ಪರದೆ ಕಪ್ಪಾದರೆ ಇದು ಸಂಜೀವಿನಿ, ಒಪ್ಪಿದೆ. ಆದರೆ ಕೆಲಸ ಮುಗಿದ ಮೇಲೆ ತೆಗೆಯುವವರೇ ಇಲ್ಲ. ಗ್ರಾಫಿಕ್ಸ್ ಚಿಪ್ಪು ಕೈಕಟ್ಟಿ ಕೂತಿರುತ್ತದೆ, ಪಿಕ್ಸೆಲ್ ಪಿಕ್ಸೆಲ್ಲನ್ನೂ ಪ್ರೊಸೆಸರ್ ಹೊರುತ್ತದೆ. ವಿಡಿಯೊ ತಡವರಿಸುತ್ತದೆ. ‘ಯಂತ್ರ ಹಳತಾಯಿತು’ ಎಂದು ಹೊಸದು ಕೊಂಡು, ಅದರ ಮೇಲೂ ಅದೇ ಚೀಟಿ ಅಂಟಿಸುತ್ತಾರೆ.

ನಾವು: ಹೊರೆ ಎಷ್ಟು ಹೊರಬಲ್ಲಿರಿ?

ಲೈನ್: ಎಕ್ಸ್86 ಯಂತ್ರದಲ್ಲಿ 2048 ಬೈಟು. ಅಷ್ಟನ್ನೂ ತುಂಬುವ ಪುಣ್ಯಾತ್ಮರಿದ್ದಾರೆ. ಇನ್ನು ಕೆಲವರು ಪಾಸ್‌ವರ್ಡನ್ನೂ ನನ್ನ ಕೈಲಿಡುತ್ತಾರೆ. ನಾನು ಹೊತ್ತದ್ದೆಲ್ಲ ‘ಪ್ರಾಕ್’ ಅಡಿಯ ‘ಸಿಎಂಡಿಲೈನ್’ ಫೈಲಿನಲ್ಲಿ ಬಟಾಬಯಲು, ಆ ಯಂತ್ರದಲ್ಲಿ ಖಾತೆ ಇರುವ ಯಾರು ಬೇಕಾದರೂ ಓದಬಹುದು.

ನಾವು: ‘ಮಾಡ್‌ಪ್ರೋಬ್ ಡಾಟ್ ಡಿ’ಯಲ್ಲಿ ಫೈಲು ಬರೆದರೆ ಸಾಕು, ನೀವೇ ಬೇಡ ಎನ್ನುವವರಿದ್ದಾರೆ.

ಲೈನ್: ಡ್ರೈವರ್ ಮಾಡ್ಯೂಲ್ ಆಗಿದ್ದರೆ ಬರೆಯಲಿ, ಸಂತೋಷ. ಕರ್ನಲ್ ಒಳಗೇ ಬೆಸೆದುಕೊಂಡಿದ್ದರೆ ಆ ಫೈಲನ್ನು ಕೇಳುವವರಿಲ್ಲ, ನಾನೇ ಬೇಕು. ಮಾಡ್ಯೂಲ್ ಆದರೂ ಬೂಟಿನ ಆರಂಭಕ್ಕೆಂದು ಕಟ್ಟಿಟ್ಟ ಇನಿಟ್‌ರಾಮ್‌ಎಫ್‌ಎಸ್ ಎಂಬ ಫೈಲುಗಳ ಗಂಟಿನಿಂದ ಎದ್ದು ಬರುವುದಾದರೆ, ಅಲ್ಲಿರುವುದು ನಿಮ್ಮ ಫೈಲಿನ ಹಳೆಯ ಪ್ರತಿ. ಅದನ್ನು ಮತ್ತೆ ಕಟ್ಟುವ ತನಕ ನೀವು ತಿದ್ದಿದ್ದು ನೀರಲ್ಲಿ ಹೋಮ. ಮತ್ತೆ ನನ್ನನ್ನೇ ಬೈಯುತ್ತಾರೆ.

ನಾವು: ಕೊನೆಯದಾಗಿ, ಓದುಗರಿಗೆ ಒಂದು ಮಾತು?

ಲೈನ್: ಮೊದಲು ಹೀಗೆ ‘ಇ’ ಒತ್ತಿ ಇಲ್ಲೇ ಬರೆದು ನೋಡಿ. ಅದು ಈ ಬೂಟಿಗೆ ಮಾತ್ರ, ಕೆಟ್ಟರೂ ಮುಂದಿನ ಸಲ ಇರುವುದಿಲ್ಲ. ಫಲ ಕಂಡರೆ ಗ್ರಬ್ ಫೈಲಿನಲ್ಲಿ ಕಾಯಂ ಮಾಡಿ, ಯಾಕೆ ಹಾಕಿದಿರಿ ಎಂದು ಪಕ್ಕದಲ್ಲೊಂದು ಟಿಪ್ಪಣಿ ಬರೆಯಿರಿ, ‘ಅಪ್‌ಡೇಟ್ ಗ್ರಬ್’ ಕೊಡಲು ಮರೆಯಬೇಡಿ. ಒಂದು ಸಲಕ್ಕೆ ಒಂದೇ ಚೀಟಿ. ಕರ್ನಲ್ ಹೊಸದಾದಾಗಲೆಲ್ಲ ಹಳೆಯ ಚೀಟಿಗಳನ್ನು ಒಂದೊಂದಾಗಿ ತೆಗೆದು ನೋಡಿ. ನೀವು ಯಾವುದಕ್ಕಾಗಿ ಬರೆದಿದ್ದಿರೋ ಆ ದೋಷವನ್ನು ಡ್ರೈವರ್ ಬರೆದವರು ಎಂದೋ ಸರಿಪಡಿಸಿರಬಹುದು.