ಮಿಕ್ಸಿ ತಾತ

ಮೊಮ್ಮಗುವಿಗೆ ಆರು ತಿಂಗಳು ತುಂಬಿ ಅನ್ನಪ್ರಾಶನವಾದ ಮರುದಿನವೇ ಈ ನಿವೃತ್ತ ಇಂಜಿನಿಯರು ಮತ್ತೆ ಡ್ಯೂಟಿಗೆ ಹಾಜರು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಇವರು ಸಿಗುತ್ತಾರೆ. ಕ್ಯಾರೆಟ್ಟಾಗಲಿ ಸೀಮೆಬದನೆಯಾಗಲಿ ಸಿಹಿಗುಂಬಳವಾಗಲಿ, ಕುಕ್ಕರಿನಿಂದ ಇಳಿದದ್ದು ಮೊದಲು ಮಿಕ್ಸಿಯ ಚಿಕ್ಕ ಜಾರಿಗೆ, ಅಲ್ಲಿಂದ ಟೀ ಸೋಸುವ ಜರಡಿಗೆ, ಕೊನೆಗೆ ಇವರ ಹೆಬ್ಬೆರಳು ತೋರುಬೆರಳುಗಳ ನಡುವಿನ ತಪಾಸಣೆಗೆ. ಒಂದೆಳೆ ನಾರು ಸಿಕ್ಕರೂ ಇಡೀ ಬಟ್ಟಲು ರಿಜೆಕ್ಟ್. "ಗಂಟಲಿಗೆ ಸಿಕ್ಕಿಹಾಕ್ಕೊಂಡ್ರೆ ಯಾರಮ್ಮ ಜವಾಬ್ದಾರಿ?" ಎಂದು ಸೊಸೆಗೆ ಮೌಖಿಕ ಮೆಮೊ. ಇದೇ ತಾತ ಸಂಜೆ ಬಾಲ್ಕನಿಯಲ್ಲಿ ಮಗುವನ್ನು ಎತ್ತಿಕೊಂಡು, ಎದುರಿನ ಕಾಗೆಯನ್ನು ತೋರಿಸುತ್ತ, "ಪಾಪು ಆಸೆಯಿಂದ ನೋಡ್ತಿದೆ, ಒಂದೇ ಒಂದು ಕಾಳು" ಎಂದು ಹುರಿದ ಕಡಲೆಬೀಜವನ್ನು ಅದರ ಬಾಯಿಯ ಹತ್ತಿರ ಒಯ್ಯುತ್ತಾರೆ. ಇವರ ಎಚ್ಚರಿಕೆ ದೊಡ್ಡದೇ. ಅದು ಹೋಗಿ ತಲುಪಿರುವ ವಿಳಾಸ ಮಾತ್ರ ತಪ್ಪು.

ಹಲ್ಲಿನ ಲೆಕ್ಕವನ್ನೇ ನೋಡೋಣ. ಮೊದಲು ಮೂಡುವ ಮುಂಬಲ್ಲು ಕಚ್ಚಿ ತುಂಡರಿಸಬಲ್ಲದು, ಅರೆಯಲಾರದು. ಅರೆಯುವ ದವಡೆಹಲ್ಲು ಬರುವುದು ಸಾಮಾನ್ಯವಾಗಿ ವರ್ಷ ದಾಟಿದ ಮೇಲೆ. ಹಾಗಾಗಿ ಹಸಿ ಕ್ಯಾರೆಟ್ಟನ್ನು ಮಗು ಟಕ್ಕನೆ ಮುರಿದುಕೊಳ್ಳುತ್ತದೆ, ಮುಂದೇನು ಮಾಡಬೇಕೆಂದು ತಿಳಿಯದೆ ಒಳಗೆಳೆದುಕೊಳ್ಳುತ್ತದೆ. ಇಡೀ ದ್ರಾಕ್ಷಿ, ಕಡಲೆಬೀಜದಂಥವು ಸಣ್ಣ ಶ್ವಾಸನಾಳಕ್ಕೆ ಬಿರಡೆಯಾಗಬಲ್ಲವು. ಇಡೀ ಬೀಜಗಳನ್ನು ನಾಲ್ಕೈದು ವರ್ಷದವರೆಗೆ ಕೊಡಬೇಡಿ ಎಂದು ವೈದ್ಯರು ಹೇಳುವುದು ಇದಕ್ಕೇ. ಆದರೆ ಮೆತ್ತಗೆ ಬೆಂದ ತರಕಾರಿಯ ಕಥೆ ಬೇರೆ. ದೊಡ್ಡವರ ಬೆರಳಿನಷ್ಟು ಉದ್ದಕ್ಕೆ ಹೆಚ್ಚಿದ ಹೋಳು ಎರಡು ಬೆರಳ ನಡುವೆ ಸುಲಭವಾಗಿ ಅಪ್ಪಚ್ಚಿಯಾದರೆ ಮಗುವಿನ ಒಸಡೂ ಅದನ್ನು ಅಪ್ಪಚ್ಚಿ ಮಾಡಬಲ್ಲದು. ಪರೀಕ್ಷೆಯ ಸಾಧನ ತಾತನ ಕೈಯಲ್ಲೇ ಇದೆ. ಅದರಿಂದ ಅವರು ಅಳೆಯುತ್ತಿರುವುದು ಈಗಾಗಲೇ ಅಂಟಾಗಿರುವ ವಸ್ತುವನ್ನು, ಅಷ್ಟೇ.

"ನಾವೆಲ್ಲ ಹೀಗೇ ಬೆಳೆದದ್ದು" ಎಂಬ ವಾದ ಇಲ್ಲಿ ಬಂದೇ ಬರುತ್ತದೆ. ಬೆಳೆದದ್ದು ಹೀಗಲ್ಲ. ಮಿಕ್ಸಿ ನಮ್ಮ ದೇಶದಲ್ಲಿ ತಯಾರಾಗತೊಡಗಿದ್ದೇ 1960ರ ದಶಕದಲ್ಲಿ. ಎಲ್ಲರ ಮನೆ ಸೇರಲು ಮತ್ತಷ್ಟು ಕಾಲ ಹಿಡಿಯಿತು. ತಾತನ ತಾಯಿ ಬೆಂದ ತರಕಾರಿ, ಬೇಳೆ, ಅನ್ನವನ್ನು ಬೆರಳಲ್ಲಿ ಕಿವುಚಿದವರು, ಆ ತುತ್ತಿನಲ್ಲಿ ಗಂಟು ಇದ್ದೇ ಇರುತ್ತಿತ್ತು. ಆ ಗಂಟುಗಳಿಗೂ ಕೆಲಸವಿತ್ತು. ಇಂಗ್ಲೆಂಡಿನ ಏವನ್ ಪ್ರದೇಶದಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟಿದ ಮಕ್ಕಳನ್ನು ಗಮನಿಸುತ್ತ ಬಂದವರು ಹತ್ತು ತಿಂಗಳಾದ ಮೇಲಷ್ಟೇ ಗಂಟುಳ್ಳ ಆಹಾರ ಕಂಡ ಮಕ್ಕಳಲ್ಲಿ ಊಟದ ತಕರಾರು ಹೆಚ್ಚೆಂದೂ ಏಳನೇ ವಯಸ್ಸಿನಲ್ಲಿ ಅವರು ಹಣ್ಣು ತರಕಾರಿ ಕಡಿಮೆ ತಿನ್ನುತ್ತಿದ್ದರೆಂದೂ ಬರೆದಿದ್ದಾರೆ. ತಕರಾರಿನ ಮಗುವಿಗೇ ತಾಯಂದಿರು ತಡವಾಗಿ ಕೊಟ್ಟಿರಬಹುದಲ್ಲ ಎಂದರೆ ನ್ಯಾಯವಾದ ಪ್ರಶ್ನೆ. ಇಂಥ ಅಧ್ಯಯನ ಕಾರಣವನ್ನು ಸಾಬೀತು ಮಾಡುವುದಿಲ್ಲ. ಆದರೂ ಅಗಿಯುವುದು ಕಲಿಯಬೇಕಾದ ವಿದ್ಯೆ. ಅಗಿಯಲು ಏನೂ ಕೊಡದೆ ಅದನ್ನು ಕಲಿಸುವ ಶಾಲೆ ಇನ್ನೂ ತೆರೆದಿಲ್ಲ.

ಇನ್ನು ದೊಡ್ಡ ಆಕ್ಷೇಪ, ಉಸಿರುಗಟ್ಟುವ ಭಯ. ಇದನ್ನು ನಗೆಯಲ್ಲಿ ತೇಲಿಸುವಂತಿಲ್ಲ. ನ್ಯೂಜಿಲೆಂಡಿನಲ್ಲಿ 206 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಪಾಯದ ತಿನಿಸು ಯಾವುದೆಂದು ತಿಳಿಸಿಕೊಟ್ಟ ಮನೆಗಳಲ್ಲಿ ತಾವೇ ಕೈಯಾರೆ ತಿಂದ ಮಕ್ಕಳಿಗೂ ಚಮಚದಲ್ಲಿ ತಿಂದವರಿಗೂ ಉಸಿರುಗಟ್ಟುವ ಪ್ರಸಂಗಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ತಮಾಷೆಯೆಂದರೆ, ಅಪಾಯದ ತಿನಿಸು ಎರಡೂ ಗುಂಪಿನ ಮನೆಗಳಲ್ಲಿ ಮಗುವಿನ ಮುಂದೆ ಬಂದಿತ್ತು: ಮಿಕ್ಸಿ ತಾತನಿಗೆ ಅಲ್ಲೂ ಬಂಧುಗಳಿದ್ದಾರೆ. ಜೊತೆಗೆ ಓಕರಿಕೆಯೇ ಬೇರೆ, ಉಸಿರುಗಟ್ಟುವುದೇ ಬೇರೆ. ಹೊಸ ತುತ್ತಿಗೆ ಮಗು ಮುಖ ಕೆಂಪಗೆ ಮಾಡಿಕೊಂಡು, ಸದ್ದು ಮಾಡಿ, ನಾಲಿಗೆಯಿಂದ ಹೊರದಬ್ಬಿದರೆ ಅದು ದೇಹದ ಕಾವಲುಗಾರ; ತಾತ ಅದಕ್ಕೇ ಬಟ್ಟಲು ಕಿತ್ತುಕೊಳ್ಳುತ್ತಾರೆ. ಹೆದರಬೇಕಾದದ್ದು ಸದ್ದಿಲ್ಲದ ಮಗುವಿಗೆ. ಅಳಲಾಗದೆ, ಕೆಮ್ಮಲಾಗದೆ ಒದ್ದಾಡುವ ಕೂಸಿನ ಬಾಯೊಳಗೆ ಕುರುಡಾಗಿ ಬೆರಳು ಹಾಕಬಾರದು. ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲಾಗಿ ಮಲಗಿಸಿ ಬೆನ್ನಿಗೆ ಐದು ಏಟು, ಆಗದಿದ್ದರೆ ಅಂಗಾತ ಮಾಡಿ ಎದೆಮೂಳೆಯನ್ನು ಐದು ಸಲ ಒತ್ತುವುದು. ಅಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸಿಗೆ ಕರೆಮಾಡಬೇಕು. ಅದಕ್ಕೂ ಮೊದಲಿನ ರಕ್ಷಣೆ ನೆಟ್ಟಗೆ ಕೂರಿಸುವುದು, ಪಕ್ಕದಲ್ಲೇ ಇರುವುದು. ಒಳಲೆಯಲ್ಲಿ ಹಾಲು ಹಾಕುವಾಗ ತೊಡೆಯ ಮೇಲೆ ಮಲಗಿಸಿದ ಅಭ್ಯಾಸ ಇಲ್ಲಿಗೆ ಒಗ್ಗದು, ಕಾಗೆ ತೋರಿಸುತ್ತ ಓಡಾಡಿ ತಿನ್ನಿಸುವುದೂ ಒಗ್ಗದು.

ಕೊನೆಯ ಆಕ್ಷೇಪ ಅಜ್ಜಿಯದು: ನೆಲ ಒರೆಸುವವರು ಯಾರು? ಕುಂಬಳಕಾಯಿ ಹೋಳನ್ನು ಮಗುವಿನ ಕೈಗೇ ಕೊಟ್ಟರೆ ಅರ್ಧ ಹೊಟ್ಟೆಗೆ, ಮಿಕ್ಕದ್ದು ಗೋಡೆ, ತಲೆ, ತಾತನ ಕನ್ನಡಕಕ್ಕೆ. ಹಳೇ ಪೇಪರ್ ಹಾಸಬಹುದು. ಆದರೆ ಅದು ಇವತ್ತಿನ ಪೇಪರ್ ಆಗಿರಬಾರದು. ಕ್ಯಾರೆಟ್ ಎಷ್ಟು ವಿಷಲ್ಲಿಗೆ ಮೆತ್ತಗಾಗುತ್ತದೆ ಎಂದು ತಾತ ಅದರ ಅಂಚಿನಲ್ಲೇ ಬರೆದಿಟ್ಟುಕೊಂಡಿರುತ್ತಾರೆ.