ಕಾಲಕಣವೆಂಬ ಆರೋಪಕ್ಕೆ ಪ್ಲಾಂಕ್ ಕಾಲದ ಸಮಜಾಯಿಷಿ

ಕಾಲವು ಅಖಂಡವೋ, ಇನ್ನು ಒಡೆಯಲಾರದ ಕ್ಷಣಗಳ ಸಮುದಾಯವೋ ಎಂಬ ವಿವಾದದಲ್ಲಿ ಎರಡನೆಯ ಪಕ್ಷದವರು, ತಮ್ಮ ವಾದಕ್ಕೆ ಬೇರೆ ಸಾಕ್ಷ್ಯ ದೊರೆಯದಾದಾಗಲೆಲ್ಲ, ಪ್ಲಾಂಕ್ ಕಾಲವೆಂಬ ಅತ್ಯಲ್ಪ ಅವಧಿಯೊಂದನ್ನು ಮುಂದೊಡ್ಡಿ, ‘ಇದೇ ಕಾಲದ ಪರಮಾಣು, ಇದಕ್ಕಿಂತ ಕಿರಿದಾದುದು ವಿಶ್ವದಲ್ಲಿಲ್ಲ’ ಎಂದು ಘೋಷಿಸುವುದು ವಾಡಿಕೆಯಾಗಿಬಿಟ್ಟಿದೆ. ಒಂದರ ಮುಂದೆ 44 ಸೊನ್ನೆಗಳನ್ನಿಟ್ಟರೆ ಆಗುವಷ್ಟು ಪಾಲುಗಳನ್ನಾಗಿ ಒಂದು ಸೆಕೆಂಡನ್ನು ಹಂಚಿದರೆ, ಅವುಗಳಲ್ಲಿ ಐದು ಪಾಲು ಚಿಲ್ಲರೆಯಷ್ಟೇ ಆ ಮಹಾಶಯರ ಗಾತ್ರ. ಇಷ್ಟು ಕಿರಿಯರ ಮೇಲೆ ಅಷ್ಟು ಹಿರಿಯ ಕೀರ್ತಿಯನ್ನು ಹೊರಿಸಿದುದು ನ್ಯಾಯವೇ ಎಂಬುದನ್ನು ಅವರ ಬಾಯಿಂದಲೇ ಕೇಳೋಣವೆಂದು ಹೊರಟಾಗ ನಡೆದ ಸಂಭಾಷಣೆಯಿದು.

ಪ್ರಶ್ನೆ: ಕಾಲದ ಕಟ್ಟಕಡೆಯ ಕಣವಾದ ತಮ್ಮ ದರ್ಶನದಿಂದ ಧನ್ಯನಾದೆ.

ಉತ್ತರ: ಧನ್ಯತೆಯನ್ನು ತುಸು ತಡೆಹಿಡಿಯಿರಿ. ನಾನು ಕಣವೆಂದು ನಾನೆಂದೂ ಹೇಳಿಕೊಂಡವನಲ್ಲ. ಮನುಷ್ಯನ ಗೇಣು ಮೊಳಗಳನ್ನಾಗಲಿ ಭೂಮಿಯ ಪರಿಭ್ರಮಣವನ್ನಾಗಲಿ ಆಶ್ರಯಿಸದ, ಅನ್ಯಲೋಕದವರಿಗೂ ಸಮ್ಮತವಾಗತಕ್ಕ ಮಾನಗಳು ಬೇಕೆಂದು ಬಯಸಿದ ಬರ್ಲಿನ್ನಿನ ಮಾಕ್ಸ್ ಪ್ಲಾಂಕ್ ಅವರು, ಬೆಳಕಿನ ವೇಗ, ಗುರುತ್ವಾಕರ್ಷಣೆಯ ನಿಯತಾಂಕ, ಉಷ್ಣವಿಕಿರಣದ ಅಧ್ಯಯನದಲ್ಲಿ ತಮಗೆ ದೊರೆತ ಹೊಸ ನಿಯತಾಂಕ, ಈ ಮೂರನ್ನೂ ಗುಣಿಸಿ, ಭಾಗಿಸಿ, ವರ್ಗಮೂಲ ತೆಗೆದಾಗ, 1899ರಲ್ಲಿ ಹುಟ್ಟಿದವನು ನಾನು. ಶಕ್ತಿಯು ಬಿಡಿಬಿಡಿಯಾದ ಕ್ವಾಂಟಮ್‌ಗಳಲ್ಲಿ ವಿನಿಯೋಗವಾಗುವುದೆಂಬ ಅವರ ಊಹೆ ಹೊರಬಿದ್ದುದು 1900ರ ಡಿಸೆಂಬರಿನಲ್ಲಿ. ಆ ಊಹೆಗಿಂತ ಹಿರಿಯನಾದ ನನ್ನನ್ನು ಅದರ ಸಂತಾನವೆಂದು ಲೋಕವು ಕೊಂಡಾಡುತ್ತಿದೆ.

ಪ್ರಶ್ನೆ: ಆದರೂ ತಾವು ಅವಿಭಾಜ್ಯರೆಂಬುದು ನಿರ್ವಿವಾದವಷ್ಟೆ?

ಉತ್ತರ: ಅವಿಭಾಜ್ಯನಾದ ನನ್ನನ್ನು ಬರಿಯ ಲೇಖನಿಯಿಂದಲೇ ಕತ್ತರಿಸಿದ್ದಾರೆ. ಪ್ಲಾಂಕರು ತಮ್ಮ ನಿಯತಾಂಕವನ್ನು ಇಡಿಯಾಗಿಯೇ ಬಳಸಿದ್ದರು. ತರುವಾಯದವರು ಅದನ್ನು ಎರಡು ಪೈಗಳಿಂದ ಭಾಗಿಸಿ ಬರೆಯುವುದು ಅನುಕೂಲವೆಂದು ಬಗೆದುದರಿಂದ, ನನ್ನ ಗಾತ್ರ ಐದರಲ್ಲಿ ಎರಡು ಪಾಲಿಗೆ ಇಳಿಯಿತು. ಸಂಕೇತ ಬದಲಾದ ಮಾತ್ರಕ್ಕೆ ಕುಗ್ಗಿಹೋಗುವ ಪರಮಾಣುವನ್ನು ನೀವೆಲ್ಲಿಯಾದರೂ ಕಂಡುದುಂಟೆ? ಅದಿರಲಿ, ಪ್ಲಾಂಕ್ ದ್ರವ್ಯರಾಶಿಯೆಂಬ ಸೋದರನೊಬ್ಬ ನನಗಿದ್ದಾನೆ. ಅವೇ ಮೂರು ನಿಯತಾಂಕಗಳಿಂದ, ಅದೇ ವಿಧಾನದಿಂದ ಹುಟ್ಟಿದ ಅವನ ತೂಕ ಸುಮಾರು 22 ಮೈಕ್ರೋಗ್ರಾಂ. ಎಲೆಕ್ಟ್ರಾನಿನ ಮಾತು ಹಾಗಿರಲಿ, ನಿಮ್ಮ ನೆತ್ತರಿನ ಒಂದೊಂದು ಕಣವೂ ಅವನಿಗಿಂತ ಬಹಳ ಹಗುರವಾದುದು. ಆದುದರಿಂದಲೇ ‘ಇವನಿಗಿಂತ ಹಗುರವಾದುದಿಲ್ಲ’ ಎಂಬ ಬಿರುದನ್ನು ಅವನಿಗೆ ಯಾರೂ ಕೊಡಲಿಲ್ಲ. ಅವನ ವಿಷಯದಲ್ಲಿ ಸುಳ್ಳು ಹೇಳಿದರೆ ತಕ್ಕಡಿಯೇ ಸಾಕ್ಷಿ ನುಡಿಯುತ್ತದೆ, ನನ್ನ ವಿಷಯದಲ್ಲಿ ನುಡಿಯುವ ಉಪಕರಣವೇ ಇಲ್ಲ. ಪರೀಕ್ಷೆಗೆ ಸಿಕ್ಕದವನಿಗೆ ಪದವಿ ಸುಲಭ.

ಪ್ರಶ್ನೆ: ಇಂದಿನ ಉಪಕರಣಗಳು ತಮ್ಮ ಸಮೀಪಕ್ಕಾದರೂ ಬಂದಿರಬೇಕಲ್ಲವೆ?

ಉತ್ತರ: 2020ರಲ್ಲಿ ಫ್ರಾಂಕ್‌ಫರ್ಟಿನ ವಿಜ್ಞಾನಿಗಳು, ಬೆಳಕು ಒಂದು ಹೈಡ್ರೋಜನ್ ಅಣುವನ್ನು ದಾಟಲು 247 ಝೆಪ್ಟೊಸೆಕೆಂಡು ಹಿಡಿಯುವುದೆಂದು ಅಳೆದು ಜಗತ್ತನ್ನು ಬೆರಗುಗೊಳಿಸಿದರು. ಆ ಅವಧಿಯೊಳಗೆ ನನ್ನಂಥವರು 25 ಅಂಕಿಗಳ ಸಂಖ್ಯೆಯಷ್ಟು ಮಂದಿ ಹಿಡಿಸುತ್ತೇವೆ. ಬೇರೊಂದು ಹಾದಿಯೂ ಉಂಟು. ದೇಶಕಾಲಗಳಿಗೆ ಕಣರೂಪವಿದ್ದಲ್ಲಿ ಅತಿಶಕ್ತಿಯ ಬೆಳಕು ಕಿಂಚಿತ್ತಾದರೂ ಹಿಂದೆ ಬೀಳಬೇಕೆಂದು ಕೆಲವರು ತರ್ಕಿಸಿದ್ದರು. 2009ರಲ್ಲಿ ಫರ್ಮಿ ದೂರದರ್ಶಕವು, ಸುಮಾರು 700 ಕೋಟಿ ವರ್ಷ ಪಯಣಿಸಿ ಬಂದ ಗಾಮಾಕಿರಣಗಳನ್ನು ಹಿಡಿದು ನೋಡಿದರೆ, ಅವುಗಳಲ್ಲಿ ಅತ್ಯಂತ ಶಕ್ತಿವಂತವಾದ ಕಿರಣವು ತಡವಾಗಿ ಬಂದಿತ್ತೆಂದೇ ಹಿಡಿದರೂ ಆ ವಿಳಂಬ ಒಂದು ಸೆಕೆಂಡನ್ನು ಮೀರುವಂತಿರಲಿಲ್ಲ. ಕಣವಾದದ ಅತಿ ಸರಳವಾದ ರೂಪಗಳಿಗೆ ಅದರಿಂದ ಪೆಟ್ಟುಬಿತ್ತು, ಜಾಣವಾದವು ಉಳಿದುಕೊಂಡವು.

ಪ್ರಶ್ನೆ: ಹಾಗಾದರೆ ಕಾಲವು ಅಖಂಡವೆಂದೇ ತಮ್ಮ ಸಾಕ್ಷ್ಯವೆ?

ಉತ್ತರ: ನನ್ನ ಬಾಯಿಂದ ಅದನ್ನೂ ಹೊರಡಿಸಲಾರಿರಿ. ನ್ಯೂಟನ್, ಐನ್‌ಸ್ಟೈನ್, ಶ್ರೋಡಿಂಗರ್ ಮೂವರ ಸಮೀಕರಣಗಳಲ್ಲಿಯೂ ಕಾಲವು ಅವಿಚ್ಛಿನ್ನವಾಗಿಯೇ ಹರಿಯುತ್ತದೆ. ಪರಮಾಣುವಿನೊಳಗೆ ಎಲೆಕ್ಟ್ರಾನಿನ ಶಕ್ತಿ ಮೆಟ್ಟಿಲುಮೆಟ್ಟಿಲಾಗಿ ನಿಂತಿರುವಾಗಲೂ ಕಾಲಕ್ಕೆ ಅಲ್ಲಿ ಮೆಟ್ಟಿಲಿಲ್ಲ. ಆದರೆ ಅದು ಯಾರೋ ಕಾಲವನ್ನು ಸೀಳಿ ನೋಡಿ ಕಂಡುಕೊಂಡ ಸತ್ಯವಲ್ಲ, ಕಲನಶಾಸ್ತ್ರದ ಅನುಕೂಲಕ್ಕಾಗಿ ಆರಂಭದಲ್ಲಿಯೇ ಒಪ್ಪಿಕೊಂಡ ಕರಾರು. ಇತ್ತ 1987ರಲ್ಲಿ ಭೌತವಿಜ್ಞಾನಿ ಸಾರ್ಕಿನ್ ಮೊದಲಾದವರು, ವಿಶ್ವವು ಕಾರ್ಯಕಾರಣಗಳಿಂದ ಹೆಣೆದುಕೊಂಡ ಬಿಡಿ ಘಟನೆಗಳ ಗಣವೆಂದು ಸಿದ್ಧಾಂತ ಹೂಡಿದರು, ಅದೂ ಕರಾರಿನಿಂದಲೇ. ಉಭಯಪಕ್ಷಗಳಲ್ಲಿಯೂ ಪತ್ರವಿದೆ, ಪ್ರಯೋಗದ ರುಜು ಮಾತ್ರ ಬಿದ್ದಿಲ್ಲ.

ಪ್ರಶ್ನೆ: ನಮ್ಮ ಪೂರ್ವಿಕರು ತಮ್ಮನ್ನು ಅಂದೇ ಅರಿತಿದ್ದರೆಂದು ನಮ್ಮಲ್ಲಿ ಅನೇಕರ ದೃಢವಾದ ನಂಬಿಕೆ.

ಉತ್ತರ: ಯಾವ ಪೂರ್ವಿಕರು? ಪರಮಾಣುವೊಂದು ತನ್ನ ನೆಲೆಯನ್ನು ಬಿಟ್ಟು ಮುಂದಿನ ನೆಲೆಯನ್ನು ಸೇರುವಷ್ಟು ಕಾಲವೇ ಕ್ಷಣವೆಂದು ಯೋಗಭಾಷ್ಯಕಾರರು ಹೇಳಿದರು. ಜೈನರು ಕಾಲಾಣುಗಳನ್ನೇ ಒಪ್ಪಿದರು. ಕಾಲವು ಏಕ, ವಿಭು, ನಿತ್ಯ, ಅದರ ವಿಭಾಗಗಳೆಲ್ಲ ಔಪಾಧಿಕವೆಂದು ವೈಶೇಷಿಕರು ವಾದಿಸಿದರು. ಅವರು ಪರಸ್ಪರ ಖಂಡಿಸುತ್ತ ಬುದ್ಧಿಯನ್ನು ಸಾಣೆಗೆ ಕೊಟ್ಟರು. ನೀವು ಎಲ್ಲರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ, ಖಂಡನೆಯನ್ನು ಬಿಟ್ಟು, ಹಾರವನ್ನು ಮಾತ್ರ ಹಾಕುತ್ತಿದ್ದೀರಿ.

ಪ್ರಶ್ನೆ: ಕಣವೂ ಅಲ್ಲದ, ಕಣವಲ್ಲವೆಂದೂ ಹೇಳದ ತಾವು ಕಡೆಗೆ ಯಾರು?

ಉತ್ತರ: ಗಡಿಕಲ್ಲು. ನನ್ನಷ್ಟು ಅಲ್ಪವಾದ ಅವಧಿಯನ್ನು ಅಳೆಯಹೊರಟರೆ, ಅದಕ್ಕೆ ಬೇಕಾಗುವ ಅಪಾರ ಶಕ್ತಿಯು ಅತ್ಯಲ್ಪ ಸ್ಥಳದಲ್ಲಿ ಕೂಡಿ, ಅಳೆಯುವ ಸಾಧನವೇ ಕಪ್ಪುಕುಳಿಯಾಗಿ ಮುಚ್ಚಿಕೊಳ್ಳಬೇಕೆಂದು ಲೆಕ್ಕ ಹೇಳುತ್ತದೆ. ಗುರುತ್ವದ ಶಾಸ್ತ್ರವೂ ಕ್ವಾಂಟಮ್ ಶಾಸ್ತ್ರವೂ ಒಂದರ ಮಾತನ್ನೊಂದು ಕೇಳದಾಗುವ ಎಲ್ಲೆ ಅದು. ಅಲ್ಲಿ ನಿಮ್ಮ ಅರಿವು ಮುಗಿಯುತ್ತದೆ. ಕಾಲವೂ ಮುಗಿಯುತ್ತದೆಂದು ತೀರ್ಮಾನಿಸುವುದು ನಿಮ್ಮ ಅಹಂಕಾರ.

ಪ್ರಶ್ನೆ: ಅಂತಾದರೆ ಕಾಲಪರಮಾಣುವಿನ ಪದವಿಗೆ ತಾವು ರಾಜೀನಾಮೆ ಕೊಡಬಾರದೇಕೆ?

ಉತ್ತರ: ನೇಮಕವೇ ಆಗದ ಹುದ್ದೆಗೆ ರಾಜೀನಾಮೆಯನ್ನು ಯಾರ ಹೆಸರಿಗೆ ಬರೆಯಲಿ? ನೇಮಕ ಮಾಡುವ ಅಧಿಕಾರವಿರುವುದು ಪ್ರಯೋಗವೊಂದಕ್ಕೆ, ಅದು ಇನ್ನೂ ಕಚೇರಿಗೇ ಬಂದಿಲ್ಲ.