ಹೇಳಿಕೆ ತಿರುಚಲಾಗಿದೆ

ಮಂತ್ರಿಗಳ ಬಾಯಿಂದ ಒಂದು ಮಾತು ಜಾರುವುದಕ್ಕೂ ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂಬ ಸ್ಪಷ್ಟನೆ ಹೊರಬೀಳುವುದಕ್ಕೂ ನಡುವೆ ಒಂದು ರಾತ್ರಿ ಇರುತ್ತದೆ. ಆ ಒಂದು ರಾತ್ರಿಯಲ್ಲಿ ಮಾತು ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಉಡುಪಿ, ಕಾಪು, ಕಾರ್ಕಳ ಎಲ್ಲ ಮುಟ್ಟಿ, ಇಳಿದು, ಮನೆ ಮಾಡಿ, ಹಾಲು ಉಕ್ಕಿಸಿಯೂ ಆಗಿರುತ್ತದೆ. ಸ್ಪಷ್ಟನೆ ಮಾತ್ರ ದೆಹಲಿಯಲ್ಲೇ ಮುಂದಿನ ಬಸ್ಸಿಗೆ ಕಾಯುತ್ತಾ ಕೂತಿರುತ್ತದೆ. ಅದಕ್ಕೆ ಸೀಟು ಸಿಕ್ಕಿದ್ದನ್ನು ಕಂಡವರಿಲ್ಲ.

2011ರ ಜುಲೈ 4ರಂದು ದೆಹಲಿಯಲ್ಲಿ ಎಚ್‌ಐವಿ, ಏಡ್ಸ್ ಬಗ್ಗೆ ಒಂದು ರಾಷ್ಟ್ರೀಯ ಸಮಾವೇಶ ನಡೆಯಿತು. ಸಂಸದರು, ಶಾಸಕರು, ಜಿಲ್ಲಾ ಪಂಚಾಯತ್ ಅಧ್ಯಕ್ಷರು, ಮೇಯರುಗಳು ಕೂತು ಕೇಳಿ, ಊರಿಗೆ ಹೋಗಿ ಜನರಿಗೆ ತಿಳಿಹೇಳಬೇಕೆಂಬ ಏರ್ಪಾಡು. ಅಲ್ಲಿ ಆಗಿನ ಕೇಂದ್ರ ಆರೋಗ್ಯ ಸಚಿವ ಗುಲಾಂ ನಬಿ ಆಜಾದ್ ತಿಳಿಹೇಳಿದರು: ಗಂಡಸರು ಗಂಡಸರ ಜತೆ ಸಂಬಂಧ ಇಟ್ಟುಕೊಳ್ಳುವುದು ಅಸಹಜ, ಅದೊಂದು ರೋಗ, ಹೊರದೇಶಗಳಿಂದ ಬಂದದ್ದು. ದೇಶಕ್ಕೆ ದೇಶವೇ ಬೆಚ್ಚಿಬಿದ್ದ ಮೇಲೆ ಸ್ಪಷ್ಟನೆ ಬಂತು. ರೋಗ ಅಂದದ್ದು ಎಚ್‌ಐವಿಯನ್ನಂತೆ, ಮಾತನ್ನು ತಪ್ಪಾಗಿ ಬರೆದರಂತೆ. ಆಗಲಿ. ಎಚ್‌ಐವಿ ರೋಗ ಎಂಬ ಸಂಶೋಧನೆಯನ್ನು ಎಚ್‌ಐವಿ ಸಮಾವೇಶದಲ್ಲೇ ಮಂಡಿಸಿದ ಆರೋಗ್ಯ ಸಚಿವರನ್ನು ನಾವೂ ಅಭಿನಂದಿಸೋಣ.

ಹೊರದೇಶದ್ದು ಎಂದು ಹೆದರಿಸಿದರೆ ಉಡುಪಿಯವರು ಹೆದರುವುದಿಲ್ಲ ಮಾರಾಯ್ರೆ. ಮಸಾಲೆ ದೋಸೆಯ ಹೊಟ್ಟೆಯೊಳಗಿನ ಬಟಾಟೆ ಹೊರದೇಶದ್ದು. ಕೋರಿ ಸುಕ್ಕದ ಮೆಣಸು ಹೊರದೇಶದ್ದು. ಬಾಸೆಲ್ ಮಿಷನ್ನಿನ ಹಂಚಿನ ಕೆಳಗೆ ಮಲಗಿ, ದುಬಾಯಿಯಿಂದ ಮಗ ಕಳಿಸಿದ ದುಡ್ಡಿನಲ್ಲಿ ಅದೇ ಹಂಚು ತೆಗೆಸಿ ಟೆರೇಸು ಹಾಕಿಸಿದ ಊರು ಇದು. ಈ ವಿಷಯದಲ್ಲಿ ನಿಜಕ್ಕೂ ಹಡಗಿನಲ್ಲಿ ಬಂದದ್ದೆಂದರೆ 1860ರ ದಂಡ ಸಂಹಿತೆಯ 377ನೇ ಕಲಮು. ಸಲಿಂಗ ಸಂಬಂಧಕ್ಕೆ ಜೀವಾವಧಿವರೆಗೂ ಶಿಕ್ಷೆ ಕೊಡಬಹುದಾಗಿದ್ದ ಅಪ್ಪಟ ಬ್ರಿಟಿಷ್ ಮಾಲು. ಅದನ್ನು ಮಾತ್ರ ನಮ್ಮ ಸಂಸ್ಕೃತಿ ರಕ್ಷಕರು ತಾಮ್ರಪಟದ ಹಾಗೆ ಪೆಟ್ಟಿಗೆಯಲ್ಲಿಟ್ಟು ಕಾದರು.

ರೋಗದ ಮಾತು ಎತ್ತುವವರು ಮೊದಲು ಕಾಪುವಿಗೆ ಬಂದು ಕೇಳಬೇಕಿತ್ತು. ಸುಗ್ಗಿ, ಆಟಿ, ಜಾರ್ದೆ ಎಂದು ವರ್ಷಕ್ಕೆ ಮೂರು ಮಾರಿಪೂಜೆ ನಡೆಸುವ ಊರದು. ಸಿಡುಬು, ಕಾಲರಾದ ಕಾಲದಿಂದ ಮಾರಿಯಮ್ಮನ ಹತ್ತಿರ ಯಾವ್ಯಾವ ಕಾಯಿಲೆಗೆ ಹರಕೆ ಹೊರಬೇಕೆಂದು ಅಲ್ಲಿನ ಅಜ್ಜಿಯಂದಿರಿಗೆ ಬಾಯಿಪಾಠ. ಆ ಪಟ್ಟಿಯಲ್ಲಿ ಇದಿಲ್ಲ. ಮಾರಿಗೆ ಗೊತ್ತಿಲ್ಲದ ಮಾರಿ ಆರೋಗ್ಯ ಇಲಾಖೆಗೆ ಗೊತ್ತಾಯಿತು.

ನಗು ಇಲ್ಲಿಗೆ ಸಾಕು. ಆ ಸಮಾವೇಶ ನಡೆದದ್ದು ಯಾರಿಗಾಗಿ ಎಂದು ನೋಡಿ. ಮರುವರ್ಷ ಇದೇ ಸರಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕದಲ್ಲಿ ದೇಶದಲ್ಲಿ ಸಲಿಂಗಿ ಗಂಡಸರು ಸುಮಾರು 25 ಲಕ್ಷ, ಅವರಲ್ಲಿ ಶೇ 7ರಷ್ಟು ಮಂದಿಗೆ ಎಚ್‌ಐವಿ. ಈ ಜನ ಜಿಲ್ಲಾಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆ ಮಾಡುವ ಐಸಿಟಿಸಿ ಕೋಣೆಗೆ ಬಂದು ಕೂತು, ತಮ್ಮ ಸಂಗಾತಿ ಗಂಡಸು ಎಂದು ಆಪ್ತ ಸಮಾಲೋಚಕರ ಮುಂದೆ ಬಾಯಿಬಿಟ್ಟರೆ ಪರೀಕ್ಷೆ, ಮಾತ್ರೆ, ಬದುಕು. ಇಲಾಖೆಯ ದೊರೆಯೇ ‘ನೀನೇ ರೋಗ’ ಎಂದ ಮೇಲೆ ಬಾಯಿಬಿಡುವ ಧೈರ್ಯ ಯಾರಿಗುಂಟು? 2001ರಲ್ಲಿ ಲಖನೌದಲ್ಲಿ ಕಾಂಡೋಮ್ ಹಂಚಿ ತಿಳಿವಳಿಕೆ ಹೇಳುತ್ತಿದ್ದ ಕಾರ್ಯಕರ್ತರನ್ನೇ ಪೊಲೀಸರು ಹಿಡಿದು ಜೈಲಿಗೆ ಹಾಕಿದ್ದರು. ಅದೇ ವರ್ಷ 377ರ ವಿರುದ್ಧ ನಾಜ್ ಫೌಂಡೇಶನ್ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಸಚಿವರ ಮಾತು ಪತ್ರಿಕೆಯಲ್ಲಿ ಬಂದರೆ ಸುದ್ದಿ. ಅದೇ ಮಾತು ಪೇದೆಯ ಕಿವಿಗೆ ಬಿದ್ದರೆ ಸುತ್ತೋಲೆ.

ಇನ್ನು ಕಾರ್ಕಳದ ಪಾಲು. 2009ರ ಮೇ ಕೊನೆಗೆ ಕೇಂದ್ರದ ಕಾನೂನು ಸಚಿವರಾದವರು ಕಾರ್ಕಳದಿಂದ ಮತ್ತೆ ಮತ್ತೆ ವಿಧಾನಸಭೆಗೆ ಗೆದ್ದು ಬೆಳೆದ ವೀರಪ್ಪ ಮೊಯಿಲಿ. 377 ಬೇಕೋ ಬೇಡವೋ ಎಂಬ ಕಡತ ಅವರ ಮೇಜಿಗೆ ಬಂತು. ಧಾರ್ಮಿಕ ಗುಂಪುಗಳನ್ನೂ ಒಳಗೊಂಡು ಎಲ್ಲರ ಅಭಿಪ್ರಾಯ ಪಡೆಯಬೇಕು ಎಂಬ ಧಾಟಿಯಲ್ಲಿ ಸರಕಾರ ಮಾತಾಡಿತು. ಯಾರ ಬೆನ್ನ ಮೇಲೆ ಲಾಠಿ ಬೀಳುತ್ತದೋ ಅವರೊಬ್ಬರನ್ನು ಬಿಟ್ಟು ಉಳಿದೆಲ್ಲರನ್ನೂ ಕೇಳುವುದಕ್ಕೆ ಸಮಾಲೋಚನೆ ಎನ್ನುತ್ತಾರೆ. ಆ ಸಮಾಲೋಚನೆ ಮುಗಿಯುವ ಮೊದಲೇ, ಜುಲೈ 2ರಂದು, ದೆಹಲಿ ಹೈಕೋರ್ಟು ಸಲಿಂಗ ಸಂಬಂಧ ಅಪರಾಧವಲ್ಲವೆಂದು ತಾನೇ ತೀರ್ಪು ಕೊಟ್ಟು ಕೆಲಸ ಮುಗಿಸಿತು. ಸೆಪ್ಟೆಂಬರಿನಲ್ಲಿ ಸಂಪುಟ ಸಭೆ ಸೇರಿ, ಮೇಲ್ಮನವಿ ಬೇಡ, ಸುಪ್ರೀಂ ಕೋರ್ಟೇ ನೋಡಿಕೊಳ್ಳಲಿ ಎಂದು ತೀರ್ಮಾನಿಸಿತು. ಹೀಗೆ ತೀರ್ಮಾನಿಸಿದ ಸಂಪುಟದಲ್ಲೇ ಆಜಾದರೂ ಇದ್ದರು. ಒಂದೇ ಸಂಪುಟ, ಒಂದೇ ಚಹಾ, ಎರಡು ನಾಲಿಗೆ.

ಈ ಎರಡು ನಾಲಿಗೆಯ ಯಕ್ಷಗಾನ ಕಳೆಗಟ್ಟಿದ್ದು 2012ರ ಫೆಬ್ರವರಿಯಲ್ಲಿ. ಆ ತಿಂಗಳನ್ನು ಉಡುಪಿಯವರು ಮರೆಯುವುದಕ್ಕಿಲ್ಲ. ಮಲ್ಪೆಯ ಸೇಂಟ್ ಮೇರಿಸ್ ದ್ವೀಪದಲ್ಲಿ ತಿಂಗಳ ಮೊದಲಿಗೆ ಸಂಗೀತ, ಕುಣಿತದ ಉತ್ಸವವೊಂದು ನಡೆಯಿತು. ವಿದೇಶಿಯರು ಕುಣಿದರು, ವಾಹಿನಿಗಳು ರೇವ್ ಪಾರ್ಟಿ ಎಂದು ದಿನವಿಡೀ ತೋರಿಸಿದವು, ಸಂಸ್ಕೃತಿ ಸಮುದ್ರ ಪಾಲಾಯಿತೆಂದು ರಾಜ್ಯವೇ ಗೋಳಾಡಿತು. ಅದೇ ಫೆಬ್ರವರಿ 7ರಂದು ವಿಧಾನಸಭೆಯಲ್ಲಿ ಕಲಾಪ ನಡೆಯುತ್ತಿರುವಾಗ ಮೊಬೈಲಿನ ಅಶ್ಲೀಲ ದೃಶ್ಯದ ಪ್ರಕರಣದಲ್ಲಿ ಮೂವರು ಸಚಿವರು ಸಿಕ್ಕಿಬಿದ್ದರು: ಲಕ್ಷ್ಮಣ ಸವದಿ, ಸಿ.ಸಿ. ಪಾಟೀಲ, ಕೃಷ್ಣ ಪಾಲೆಮಾರ್. ಪಾಟೀಲರದ್ದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ. ತಪ್ಪೇನೂ ಮಾಡಿಲ್ಲ ಎನ್ನುತ್ತಲೇ ಮರುದಿನ ಮೂವರೂ ರಾಜೀನಾಮೆ ಕೊಟ್ಟರು. ಸವದಿಯವರ ಸಮಜಾಯಿಷಿ ಇಂದಿಗೂ ಓದಲು ಯೋಗ್ಯ: ಉಡುಪಿಯ ರೇವ್ ಪಾರ್ಟಿಯ ಚರ್ಚೆಗೆ ಬೇಕಾಗಿ, ಇಂಥ ಪಾರ್ಟಿಗಳಿಂದ ಆಗುವ ಅನಾಹುತ ಅರಿಯಲು ನೋಡಿದ್ದಂತೆ. ಮಲ್ಪೆಯ ಮಾನ ಉಳಿಸಲು ಅವರು ಪಟ್ಟ ಪಾಡು! 2019ರಲ್ಲಿ ಅವರು ಉಪಮುಖ್ಯಮಂತ್ರಿಯಾದರು.

ಇದಾಗಿ ಹದಿನಾರನೇ ದಿನಕ್ಕೆ, ಫೆಬ್ರವರಿ 23ರಂದು, ಸುಪ್ರೀಂ ಕೋರ್ಟಿನಲ್ಲಿ ಕೇಂದ್ರ ಗೃಹ ಇಲಾಖೆಯ ಪರ ಹೆಚ್ಚುವರಿ ಸಾಲಿಸಿಟರ್ ಜನರಲ್ ಪಿ.ಪಿ. ಮಲ್ಹೋತ್ರಾ ಎದ್ದು ನಿಂತು ವಾದಿಸಿದರು: ಸಲಿಂಗಕಾಮ ಅತ್ಯಂತ ಅನೈತಿಕ, ಸಮಾಜ ವ್ಯವಸ್ಥೆಗೇ ವಿರುದ್ಧ, ನಮ್ಮ ನೈತಿಕ ಮೌಲ್ಯಗಳು ಬೇರೆ ದೇಶಗಳಂಥವಲ್ಲ. ನಿಜ, ಬೇರೆ ದೇಶಗಳಂಥವಲ್ಲ. ನಮ್ಮ ಮೌಲ್ಯಗಳ ವಿಶೇಷವನ್ನು ಅದೇ ತಿಂಗಳು ಬೆಂಗಳೂರಿನಿಂದ ಟಿವಿಯಲ್ಲೇ ನೋಡಿದ್ದೆವಲ್ಲ. ಸಂಜೆಯೊಳಗೆ ಗೃಹ ಇಲಾಖೆ ಕೈತೊಳೆಯಿತು: ನಮ್ಮದು ಅಂಥ ನಿಲುವೇ ಅಲ್ಲ. ಮುಂದಿನ ವಾರ ಇನ್ನೊಬ್ಬ ವಕೀಲರು ಬಂದು, ಹೈಕೋರ್ಟಿನ ತೀರ್ಪಿನಲ್ಲಿ ದೋಷ ಕಾಣುವುದಿಲ್ಲ ಎಂದರು. ವ್ಯವಸ್ಥೆಯನ್ನು ಅಣಕ ಮಾಡಬೇಡಿ ಎಂದು ನ್ಯಾಯಪೀಠವೇ ಗದರಿಸಬೇಕಾಯಿತು.

2013ರ ಡಿಸೆಂಬರ್ 11ರಂದು ಅದೇ ಪೀಠ 377ನ್ನು ಮತ್ತೆ ಜೀವಂತ ಮಾಡಿತು, ಸಲಿಂಗಿಗಳದ್ದು ಅತ್ಯಲ್ಪ ಸಂಖ್ಯೆ ಎಂಬ ಕಾರಣವನ್ನೂ ಸೇರಿಸಿ. 25 ಲಕ್ಷ ಎಂಬ ಲೆಕ್ಕ ಕಡತದಲ್ಲೇ ಇತ್ತು. ಇಡೀ ಉಡುಪಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 11 ಲಕ್ಷ 77 ಸಾವಿರ ಚಿಲ್ಲರೆ. ಎರಡು ಉಡುಪಿ ಜಿಲ್ಲೆ ಸೇರಿದರೂ ಲೆಕ್ಕಕ್ಕಿಲ್ಲ ಎಂದಾಯಿತು. ಅದೇ ಸುಪ್ರೀಂ ಕೋರ್ಟು ತನ್ನ ತಪ್ಪನ್ನು ತಿದ್ದಿಕೊಳ್ಳಲು 2018ರ ಸೆಪ್ಟೆಂಬರ್ 6 ಬರಬೇಕಾಯಿತು.

ಕರಾವಳಿಯ ಒಂದು ಗುಟ್ಟನ್ನು ಇಲ್ಲಿ ಹೇಳಬೇಕು. ಇಲ್ಲಿನ ಅನೈತಿಕ ಪೊಲೀಸ್‌ಗಿರಿಯವರಿಗೆ ಗಂಡು ಹೆಣ್ಣು ಒಟ್ಟಿಗೆ ಕಂಡರೆ ಮಾತ್ರ ಕಣ್ಣು ಕೆಂಪಾಗುವುದು. ಬಸ್ಸಿನ ಸೀಟಿನಲ್ಲಿ ಹೆಸರು ಕೇಳುತ್ತಾರೆ, ಜ್ಯೂಸ್ ಅಂಗಡಿಯಲ್ಲಿ ಧರ್ಮ ಕೇಳುತ್ತಾರೆ. ಇಬ್ಬರು ಹುಡುಗರು ಮಲ್ಪೆ ಬೀಚಿನಲ್ಲಿ ಹೆಗಲ ಮೇಲೆ ಕೈಹಾಕಿ ಕೂತರೆ ‘ದೋಸ್ತಿಗಳು’ ಎಂದು ಸುಮ್ಮನೆ ದಾಟಿ ಹೋಗುತ್ತಾರೆ. ಮಣಿಪಾಲದ ಮನೆ ಮಾಲೀಕರೂ ಹಾಗೇ. ಗಂಡು ಹೆಣ್ಣು ಬಂದರೆ ಮದುವೆ ಸರ್ಟಿಫಿಕೇಟು, ಇಬ್ಬರು ಹುಡುಗರು ಬಂದರೆ ಬರೀ ಅಡ್ವಾನ್ಸು. ಈ ಬಡಪಾಯಿ ಅಜ್ಞಾನದ ನೆರಳಿನಲ್ಲಿ ಎಷ್ಟೋ ಜೀವಗಳು ತಣ್ಣಗೆ ಬದುಕಿಕೊಂಡಿದ್ದವು. ಅಧಿಕಾರಸ್ಥರು ಮೈಕು ಹಿಡಿದು ‘ಜಾಗ್ರತೆ, ಇಂಥವರು ಇದ್ದಾರೆ’ ಎಂದಾಗಲೆಲ್ಲ ಆಗುವುದು ಈ ನೆರಳಿನ ಮರ ಕಡಿಯುವ ಕೆಲಸ. ಕೆಲಸವಿಲ್ಲದ ಕೈಗಳಿಗೆ ಹೊಸ ವಿಳಾಸ ಕೊಡುವ ಕೆಲಸ.

ಮನೆಯೊಳಗೆ ಆಗುವುದು ಇನ್ನೂ ಕೆಟ್ಟದ್ದು. ಟಿವಿಯಲ್ಲಿ ಮಂತ್ರಿ ‘ಚಿಕಿತ್ಸೆ’ ಎಂದ ಹೊತ್ತಿಗೆ ಊಟಕ್ಕೆ ಕೂತ ಹುಡುಗನ ತಲೆ ತಟ್ಟೆಯೊಳಗೆ ಇಳಿಯುತ್ತದೆ. ಅಪ್ಪ ಅದನ್ನು ಕಂಡರೆ ಮುಗಿಯಿತು: ಮೊದಲು ಜೋಯಿಸರು, ಆಮೇಲೆ ಡಾಕ್ಟರು, ಎರಡೂ ಆಗದಿದ್ದರೆ ಹುಡುಗಿ ನೋಡುವುದು. ಮೂರನೆಯ ಔಷಧಿ ಅತಿ ಕ್ರೂರ, ಏಕೆಂದರೆ ಅದನ್ನು ಕುಡಿಯಬೇಕಾದವಳು ಪಕ್ಕದೂರಿನ ಏನೂ ಅರಿಯದ ಹೆಣ್ಣು. ನೆರೆಯ ಗೋವಾದಲ್ಲಿ 2015ರ ಜನವರಿಯಲ್ಲಿ ಕ್ರೀಡಾ ಮತ್ತು ಯುವಜನ ಸಚಿವ ರಮೇಶ್ ತವಡಕರ್ ಇಂಥ ಯುವಕರನ್ನು ‘ನಾರ್ಮಲ್’ ಮಾಡಲು ಕುಡಿತ ಬಿಡಿಸುವಂಥ ಕೇಂದ್ರಗಳನ್ನೇ ತೆರೆಯುತ್ತೇವೆಂದರು. ಮರುದಿನ? ಹೇಳಿಕೆ ತಿರುಚಲಾಗಿದೆ.

ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜುಂಟು. ಅಲ್ಲಿ ಕಲಿಯುವ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ: ಅಮೆರಿಕದ ಮನೋವೈದ್ಯರು 1973ರಲ್ಲಿ ಸಲಿಂಗ ಒಲವನ್ನು ಕಾಯಿಲೆಯ ಪಟ್ಟಿಯಿಂದ ತೆಗೆದರು, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ತೆಗೆಯಿತು, ನಮ್ಮ ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಕಾಯಿಲೆಯಲ್ಲ ಎಂದು ಸಾರಿತು. ಮದ್ರಾಸ್ ಹೈಕೋರ್ಟು ಬೆನ್ನುಹತ್ತಿದ ಮೇಲೆ 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ, ಒಲವು ಬದಲಿಸುವ ಚಿಕಿತ್ಸೆ ಕೊಡುವುದು ವೈದ್ಯನ ದುರ್ನಡತೆ ಎಂದಿತು. ಇಷ್ಟೆಲ್ಲ ಆಗಿ 2024ರ ಆಗಸ್ಟ್ ಕೊನೆಗೆ ಇದೇ ಆಯೋಗ ಹೊಸ ಪಠ್ಯಕ್ರಮ ಕಳಿಸಿತು. ತೆರೆದು ನೋಡಿದರೆ ವಿಧಿವಿಜ್ಞಾನದ ಪಾಠದಲ್ಲಿ ಹೆಣ್ಣು ಹೆಣ್ಣಿನ ಸಂಬಂಧ ‘ಅಸಹಜ ಲೈಂಗಿಕ ಅಪರಾಧ’! ಸುಪ್ರೀಂ ಕೋರ್ಟಿನ ತೀರ್ಪಿಗೆ ಆರು ವರ್ಷ ತುಂಬುವ ವಾರವದು. ಗಲಾಟೆಯಾಯಿತು, ಸೆಪ್ಟೆಂಬರ್ ಮೊದಲ ವಾರವೇ ಹಿಂತೆಗೆದುಕೊಂಡರು. ದುರ್ನಡತೆಯ ವ್ಯಾಖ್ಯೆ ಬರೆದ ಆಯೋಗಕ್ಕೆ ಆ ವ್ಯಾಖ್ಯೆ ಅನ್ವಯಿಸುತ್ತದೋ ಇಲ್ಲವೋ, ತಿಳಿದವರು ಹೇಳಬೇಕು.

ಕೊನೆಗೆ ಕುಟುಂಬ. ಗಂಡ, ಹೆಂಡತಿ, ಮಕ್ಕಳು ಇದ್ದರೇ ಭಾರತೀಯ ಕುಟುಂಬ ಎಂದು 2023ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಬರೆದುಕೊಟ್ಟಿತು. ಈ ವಾಕ್ಯವನ್ನು ಕಾಪುವಿನ ಕಡೆಯ ಯಾವುದಾದರೂ ಹಳೆಯ ಗುತ್ತಿನ ಮನೆಯ ಚಾವಡಿಯಲ್ಲಿ ನಿಂತು ಗಟ್ಟಿಯಾಗಿ ಓದಬೇಕು. ಅಲ್ಲಿ ಯಜಮಾನ ಅಂದರೆ ಅಪ್ಪನಲ್ಲ, ಅಮ್ಮನ ಅಣ್ಣ. ಬರಿ ಎಂಬ ಕುಲದ ಹೆಸರು ಅಮ್ಮನದ್ದು, ಆಸ್ತಿ ಸೋದರಳಿಯನದ್ದಾಗಿತ್ತು. ಗಂಡನಿಗೆ ಹೆಂಡತಿಯ ಕುಟುಂಬದಲ್ಲಿ ಪಾಲೂ ಇರಲಿಲ್ಲ, ಪದವಿಯೂ ಇರಲಿಲ್ಲ. 1883ರಲ್ಲಿ ಮದ್ರಾಸ್ ಹೈಕೋರ್ಟಿನ ದೊರೆಗಳು ಈ ಅಳಿಯಸಂತಾನದವರ ದಾಂಪತ್ಯವನ್ನು ಮೂಗಿಗೆ ಕನ್ನಡಕ ಏರಿಸಿ ನೋಡಿ, ಇದು ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ, ಹೆಂಗಸು ತನ್ನಿಷ್ಟದಿಂದ ಮಾಡಿಕೊಂಡ ಸಹವಾಸ ಅಷ್ಟೆ, ಎಂದು ತೀರ್ಪಿತ್ತರು. ಅಜ್ಜ ಅಜ್ಜಿಯ ಬಾಳುವೆಯನ್ನೇ ಮದುವೆಯಲ್ಲ ಎಂದು ಕೋರ್ಟಿನಿಂದ ಅನ್ನಿಸಿಕೊಂಡ ಊರಿನ ಮೊಮ್ಮಕ್ಕಳು ಇವತ್ತು ವೇದಿಕೆ ಹತ್ತಿ ಪಕ್ಕದ ಮನೆಯವರ ಬಾಳುವೆಯನ್ನು ಮದುವೆಯಲ್ಲ ಎನ್ನುತ್ತಾರೆ. (ಇಲ್ಲಿ ಯಕ್ಷಗಾನದ ಸ್ತ್ರೀವೇಷವನ್ನು ಸಾಕ್ಷಿಗೆ ಕರೆಯುವವರುಂಟು. ಬೇಡ. ವೇಷ ಬೇರೆ, ಒಲವು ಬೇರೆ. ಬೆಳಗಿನ ಜಾವ ಬಣ್ಣ ಒರೆಸಿ ಹೋಗುವ ಕಲಾವಿದರ ತಲೆಗೆ ಇದನ್ನು ಕಟ್ಟುವುದು ನ್ಯಾಯವಲ್ಲ.)

ಅದೇ 2023ರಲ್ಲಿ ಕೇಂದ್ರ ಇನ್ನೊಂದು ಮಾತೂ ಹೇಳಿತ್ತು: ಸಲಿಂಗ ಮದುವೆಯ ಬೇಡಿಕೆ ನಗರದ ಗಣ್ಯರದ್ದು. ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಮದುವೆಯ ಹಕ್ಕು ಕೊಡಲಿಲ್ಲ, ಸಮಿತಿ ಮಾಡಿ ಸೌಲಭ್ಯ ನೋಡಿ ಎಂದಿತು. ಸಮಿತಿ ಆಯಿತು. 2024ರಲ್ಲಿ ಎರಡು ಭಾಗ್ಯ ಹೊರಬಂದವು. ಒಂದು, ಇಂಥ ಜೋಡಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ. ಬ್ಯಾಂಕುಗಳ ತವರಾದ ನಮ್ಮ ಜಿಲ್ಲೆಗೆ ಇದು ಹೆಮ್ಮೆಯೇ. 1906ರ ಕಾರ್ಪೊರೇಶನ್ ಬ್ಯಾಂಕನ್ನು ಯೂನಿಯನ್ ಬ್ಯಾಂಕಿಗೂ 1925ರ ಸಿಂಡಿಕೇಟ್ ಬ್ಯಾಂಕನ್ನು ಕೆನರಾ ಬ್ಯಾಂಕಿಗೂ 2020ರಲ್ಲಿ ಊರವರ ಮಾತು ಕೇಳದೆ ಗಂಟುಹಾಕಿದಾಗ, ಇದು ಸಂಸ್ಕೃತಿಗೆ ವಿರುದ್ಧ ಎಂದು ಸರಕಾರಕ್ಕೆ ಅನ್ನಿಸಿರಲಿಲ್ಲ.

ಎರಡನೆಯದು, ಪಡಿತರ ಚೀಟಿಯಲ್ಲಿ ಜೋಡಿಯನ್ನು ಒಂದೇ ಮನೆಯವರೆಂದು ಪರಿಗಣಿಸಬೇಕು. ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಇಬ್ಬರು ಅಪರಿಚಿತರು, ನ್ಯಾಯಬೆಲೆ ಅಂಗಡಿಯಲ್ಲಿ ಒಂದು ಸಂಸಾರ. ಇನ್ನು ಮುಂದೆ ಕಾರ್ಕಳದ ಸೊಸೈಟಿಯಲ್ಲಿ ಕೈಚೀಲ ಹಿಡಿದು, ಬೆರಳಚ್ಚು ಒತ್ತಿ, ಸರ್ವರ್ ಡೌನ್ ಎಂದು ಕೇಳಿ, ಕುಚ್ಚಲಕ್ಕಿಗಾಗಿ ಕಾಯುತ್ತಾ ನಿಂತವರನ್ನು ಕಂಡರೆ ದಾರಿ ಬಿಡಿ. ಅವರು ನಗರದ ಗಣ್ಯರು.